ಪದಚರ್ಚೆ: ಶೆಲ್ಯಾಕ್‌ಗೆ ಅರಗು ಸರಿ, ಲ್ಯಾಕರ್ ತಟ್ಟೆಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯ ಜಾಝ್ ಧ್ವನಿಮುದ್ರಣಗಳನ್ನು ಉಳಿಸುವ ಕೆಲಸದ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೆಯುತ್ತಿದ್ದೇನೆ. ಅದಕ್ಕೆ ಕೆಲವು ಪದಗಳು ಬೇಕಾಗಿವೆ. ಕೆಲವನ್ನು ಹುಡುಕಿ ಇಟ್ಟುಕೊಂಡಿದ್ದೇನೆ, ಅವು ಸರಿಯೋ ಅಲ್ಲವೋ ನೀವು ಹೇಳಬೇಕು. ಕೆಲವಕ್ಕೆ ಏನೂ ಸಿಕ್ಕಿಲ್ಲ. ಶೆಲ್ಯಾಕ್, ಲ್ಯಾಕರ್, ಅಸಿಟೇಟ್ ಎಲ್ಲವನ್ನೂ ನಾವು "ಹಳೇ ಗ್ರಾಮಫೋನ್ ಪ್ಲೇಟು" ಎಂಬ ಒಂದೇ ಹೆಸರಲ್ಲಿ ಮುಗಿಸಿಬಿಡುತ್ತೇವೆ. ಸುಮ್ನೆ ಹಾಡು ಕೇಳುವವರಿಗೆ ಅಷ್ಟು ಸಾಕು. ಪ್ಲೇಟನ್ನು ಒರೆಸಲು, ಹಾಕಿ ನೋಡಲು ಕೈ ಚಾಚುವವರಿಗೆ ಸಾಲದು. ಒಂದು ಬಗೆಯ ತಟ್ಟೆ ತಾಳಿಕೊಳ್ಳುವುದನ್ನು ಇನ್ನೊಂದು ತಾಳುವುದಿಲ್ಲ. ಅದಕ್ಕೇ ಇವಕ್ಕೆ ಬೇರೆ ಬೇರೆ ಕನ್ನಡ ಹೆಸರು ಬೇಕೇ ಬೇಕು ಅನ್ನುತ್ತೇನೆ.

ಮೊದಲು ಸಂದರ್ಭ. ಬಿಲ್ ಸೇವರಿ ಅಂತ ಒಬ್ಬ ಧ್ವನಿ ಎಂಜಿನಿಯರ್ ಇದ್ದರು. 1930ರ ದಶಕದ ಕೊನೆಯಲ್ಲಿ ಅವರು ನ್ಯೂಯಾರ್ಕಿನಲ್ಲಿ ರೇಡಿಯೊ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಕೊಡುವ ಒಂದು ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದರು. ಆಗ ರಾತ್ರಿ ಹೊತ್ತು ಹೋಟೆಲು, ಕ್ಲಬ್ಬು, ಡ್ಯಾನ್ಸ್ ಹಾಲ್‌ಗಳಿಂದ ಜಾಝ್ ಬ್ಯಾಂಡ್‌ಗಳ ಕಛೇರಿ ನೇರವಾಗಿ ರೇಡಿಯೊದಲ್ಲಿ ಬರುತ್ತಿತ್ತು. ಬಂದ ಹಾಗೇ ಗಾಳಿಯಲ್ಲಿ ಹೋಗಿಬಿಡುತ್ತಿತ್ತು. ಸೇವರಿ ತಮಗೆ ಇಷ್ಟವಾದದ್ದನ್ನು ತಟ್ಟೆಗಳ ಮೇಲೆ ಇಳಿಸಿಕೊಂಡು ಮನೆಯಲ್ಲಿಟ್ಟರು. ಕೌಂಟ್ ಬೇಸಿ, ಬೆನ್ನಿ ಗುಡ್‌ಮನ್, ಲೆಸ್ಟರ್ ಯಂಗ್, ಬಿಲಿ ಹಾಲಿಡೇ, ಕೋಲ್‌ಮನ್ ಹಾಕಿನ್ಸ್ ಎಲ್ಲರೂ ಅದರಲ್ಲಿದ್ದಾರೆ. ಸುಮಾರು ಸಾವಿರ ತಟ್ಟೆ, ನೂರು ಗಂಟೆಗೂ ಮೀರಿದ ಸಂಗೀತ. ಅವರಿರುವವರೆಗೆ ಹೆಚ್ಚುಕಡಿಮೆ ಯಾರಿಗೂ ಅದನ್ನು ಕೇಳಲು ಬಿಡಲಿಲ್ಲ. 2004ರಲ್ಲಿ ತೀರಿಕೊಂಡರು. 2010ರಲ್ಲಿ ಅವರ ಮಗನಿಂದ ನ್ಯೂಯಾರ್ಕಿನ ಹಾರ್ಲೆಮ್‌ನ ನ್ಯಾಷನಲ್ ಜಾಝ್ ಮ್ಯೂಸಿಯಂ ಆ ತಟ್ಟೆಗಳನ್ನು ಪಡೆಯಿತು. ಮ್ಯೂಸಿಯಂನ ಲಾರೆನ್ ಶೋನ್‌ಬರ್ಗ್ ಅವರು ಇಲಿನಾಯ್ ರಾಜ್ಯದ ಮಾಲ್ಟಾ ಎಂಬ ಊರಿಗೆ ಹೋಗಿ ಪೆಟ್ಟಿಗೆಗಳನ್ನು ಹೊತ್ತು ತಂದರು. ಡಗ್ ಪಾಮ್ರಾಯ್ ಎಂಬ ಎಂಜಿನಿಯರ್ ಒಂದೊಂದನ್ನೇ ಒರೆಸಿ, ನುಡಿಸಿ, ಡಿಜಿಟಲ್‌ಗೆ ತಂದರು. ಆಗ ಕಾಲು ಭಾಗದಷ್ಟು ತಟ್ಟೆಗಳು ತೀರಾ ಕೆಟ್ಟ ಸ್ಥಿತಿಯಲ್ಲಿದ್ದವು ಎಂದು ಮ್ಯೂಸಿಯಂನವರು ಅಂದಾಜು ಮಾಡಿದ್ದರು.

ಈ ತಟ್ಟೆಗಳ ಬೆಲೆ ಗೊತ್ತಾಗಬೇಕಾದರೆ ಒಂದು ಲೆಕ್ಕ ನೋಡಿ. ಅಂಗಡಿಯಲ್ಲಿ ಸಿಗುತ್ತಿದ್ದ ಹತ್ತು ಇಂಚಿನ 78ರ ಪ್ಲೇಟಿನಲ್ಲಿ (ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟು) ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಸೇವರಿ ಬಳಸಿದ್ದು ಹನ್ನೆರಡು ಇಂಚು, ಹದಿನಾರು ಇಂಚಿನ ದೊಡ್ಡ ತಟ್ಟೆಗಳನ್ನು. ಎಷ್ಟೋ ಸಲ ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಓಡಿಸಿದ್ದರು. ಹಾಗಾಗಿ ಇಡೀ ಕಛೇರಿಯ ಓಟ ಅದರಲ್ಲಿ ಉಳಿಯಿತು. ಹಾಕಿನ್ಸ್ 1939ರ ಅಕ್ಟೋಬರ್‌ನಲ್ಲಿ ಸ್ಟುಡಿಯೊದಲ್ಲಿ ನುಡಿಸಿದ "ಬಾಡಿ ಅಂಡ್ ಸೋಲ್" ಮೂರು ನಿಮಿಷದ್ದು, ಜಾಝ್‌ನಲ್ಲಿ ಬಹಳ ದೊಡ್ಡ ಹೆಸರು ಪಡೆದದ್ದು. ಮರುವರ್ಷ ಅದನ್ನೇ ಅವರು ಕೇಳುಗರ ಮುಂದೆ ನುಡಿಸಿದ್ದು ಸೇವರಿ ಸಂಗ್ರಹದಲ್ಲಿದೆ. ಅದು ಹತ್ತಿರ ಹತ್ತಿರ ಎರಡರಷ್ಟು ಉದ್ದ. ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಇದರ ಅರ್ಥ ಥಟ್ಟನೆ ತಿಳಿಯುತ್ತದೆ. ಮನೋಧರ್ಮಕ್ಕೆ ಮೂರು ನಿಮಿಷ ಯಾವ ಮೂಲೆಗೆ, ಅಲ್ವಾ?

ಈಗ ಪದಗಳಿಗೆ ಬರುತ್ತೇನೆ.

ಶೆಲ್ಯಾಕ್‌ಗೆ ಕನ್ನಡದಲ್ಲಿ "ಅರಗು" ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಪಾಂಡವರನ್ನು ಸುಡಲು ಕಟ್ಟಿಸಿದ್ದು ಅರಗಿನ ಮನೆ. ಚನ್ನಪಟ್ಟಣದ ಗೊಂಬೆಯ ಮೇಲಿನ ಹೊಳಪು ಅರಗಿನದು. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತಿದ್ದದ್ದೂ ಅರಗಿನ ಮೇಲೆ. ಮುತ್ತುಗ, ಎಲಚಿ ಮುಂತಾದ ಮರಗಳ ಕೊಂಬೆಯ ಮೇಲೆ ಕೂರುವ ಸಣ್ಣ ಹುಳು ಒಸರಿಸುವ ಅಂಟು ಅದು. 78ರ ಪ್ಲೇಟುಗಳ ಕಾಲದಲ್ಲಿ ಪ್ರಪಂಚಕ್ಕೆಲ್ಲ ಅರಗು ಹೋಗುತ್ತಿದ್ದದ್ದು ಮುಖ್ಯವಾಗಿ ನಮ್ಮ ದೇಶದಿಂದ, ಅದರಲ್ಲೂ ಛೋಟಾ ನಾಗಪುರದ ಕಡೆಯಿಂದ. ರಾಂಚಿಯ ಹತ್ತಿರ ನಾಮ್‌ಕುಮ್‌ನಲ್ಲಿ ಅರಗಿನದೇ ಒಂದು ಸಂಶೋಧನಾ ಸಂಸ್ಥೆ 1924ರಲ್ಲಿ ಶುರುವಾಯಿತು. ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಟ್ರಂಪೆಟ್ ಶಿಕಾಗೊದಲ್ಲಿ ಪ್ಲೇಟಾಗಲು ನಮ್ಮ ಕಾಡಿನ ಹುಳದ ಅಂಟು ಬೇಕಿತ್ತು ಎಂಬುದು ನನಗೆ ಬಹಳ ಪ್ರೀತಿಯ ಸಂಗತಿ. 1942ರ ಏಪ್ರಿಲ್‌ನಲ್ಲಿ ಯುದ್ಧದ ಕಾರಣಕ್ಕೆ ಅಮೆರಿಕ ಸರ್ಕಾರ ಪ್ಲೇಟುಗಳಿಗೆ ಬಳಸುವ ಅರಗನ್ನು ಶೇಕಡಾ 70ರಷ್ಟು ಕಡಿತ ಮಾಡಿತು. ಹಳೇ ಪ್ಲೇಟು ಒಪ್ಪಿಸಿದರೆ ಮಾತ್ರ ಹೊಸದು ಎಂದು ಕೇಳುವ ಅಂಗಡಿಗಳೂ ಇದ್ದವು. ಹಳೆಯದನ್ನು ಪುಡಿಮಾಡಿ ಹೊಸದಕ್ಕೆ ಬೆರೆಸುತ್ತಿದ್ದರು. ಹಾಗೆ ಪುಡಿಯಾಗಿ ಹೋದ ಜಾಝ್ ಎಷ್ಟೋ.

ಅರಗಿನ ಪ್ಲೇಟು ಅಂದರೂ ಅದು ಪೂರ್ತಿ ಅರಗಲ್ಲ. ಅದರಲ್ಲಿ ಕಲ್ಲಿನ ಪುಡಿಯೇ ಜಾಸ್ತಿ. ಕಪ್ಪು ಬರಲು ಕಾಡಿಗೆಯಂಥ ಮಸಿ, ಹಿಡಿದಿಡಲು ಹತ್ತಿಯ ನಾರು, ಎಲ್ಲವನ್ನೂ ಅಂಟಿಸಲು ಅರಗು. ಆ ಕಲ್ಲಿನ ಪುಡಿಯಿಂದಲೇ ಹಳೇ ಪ್ಲೇಟಿನ ಕರಕರ ಸದ್ದು. ಇದು ಗಟ್ಟಿ, ಆದರೆ ಪೆಡಸು. ಬಿದ್ದರೆ ಎರಡು ಹೋಳು. "ಫ್ರಜೈಲ್" ಅಂದ ಕೂಡಲೇ "ನಾಜೂಕು" ಅಂತ ಬರೆಯುವ ಅಭ್ಯಾಸ ನಮ್ಮದು. ಇಲ್ಲಿ "ಪೆಡಸು" ಹೆಚ್ಚು ಸರಿ ಅನ್ನಿಸುತ್ತದೆ. ಪೆಡಸಾದದ್ದು ಬಾಗುವುದಿಲ್ಲ, ಮುರಿಯುತ್ತದೆ. ಬೀಳದ ಹಾಗೆ ನೋಡಿಕೊಂಡರೆ ಅರಗಿನ ಪ್ಲೇಟು ನೂರು ವರ್ಷವಾದರೂ ಇರುತ್ತದೆ. ಸ್ಪಿರಿಟ್ ಮಾತ್ರ ತಾಕಬಾರದು. ಬಡಗಿಗಳು ಫ್ರೆಂಚ್ ಪಾಲಿಶ್‌ಗೆ ಅರಗನ್ನು ಸ್ಪಿರಿಟ್‌ನಲ್ಲೇ ಕರಗಿಸುವುದು. ಇಂದಿನ ವಿನೈಲ್ ಪ್ಲೇಟು ಒರೆಸುವ ದ್ರಾವಣಗಳಲ್ಲಿ ಎಷ್ಟೋ ಸಲ ಆಲ್ಕೋಹಾಲ್ ಇರುತ್ತದೆ. ಅದೇ ಬಾಟಲಿಯನ್ನು ತಾತನ ಕಾಲದ ಪ್ಲೇಟಿಗೂ ಎತ್ತಿದರೆ ಹಾಡು ಬಟ್ಟೆಗೆ ಅಂಟಿಕೊಂಡು ಬರುತ್ತದೆ. "ಅರಗು" ಎಂಬ ಹೆಸರು ಬಳಕೆಗೆ ಬಂದರೆ, ಬಡಗಿ ಕೆಲಸ ನೋಡಿದ ಯಾರಿಗಾದರೂ ಈ ಎಚ್ಚರ ತಾನಾಗೇ ಬಂದೀತು.

ತೊಡಕು ಇರುವುದು ಲ್ಯಾಕರ್ ತಟ್ಟೆಯಲ್ಲಿ. ಸೇವರಿ ಸಂಗ್ರಹದಲ್ಲಿ ಬಹಳಷ್ಟು ಇರುವುದು ಇವೇ. 1934ರ ಸುಮಾರಿಗೆ ಫ್ರಾನ್ಸ್ ಮತ್ತು ಅಮೆರಿಕದಲ್ಲಿ ಬಂದವು. ಒಳಗೆ ಅಲ್ಯೂಮಿನಿಯಂ ತಗಡು, ಮೇಲೆ ನೈಟ್ರೊಸೆಲ್ಯುಲೋಸ್‌ನ ಲೇಪ. ಉಗುರಿಗೆ ಹಚ್ಚುವ ಬಣ್ಣದ ಮೂಲವಸ್ತುವೂ ಅದೇ. ಯುದ್ಧ ಬಂದು ಅಲ್ಯೂಮಿನಿಯಂ ವಿಮಾನಗಳಿಗೆ ಹೋದಾಗ ತಗಡಿನ ಬದಲು ಗಾಜು ಬಂತು. ಅಗ್ಗದ ಮನೆಬಳಕೆಯ ತಟ್ಟೆಗಳಲ್ಲಿ ರಟ್ಟೂ ಇರುತ್ತಿತ್ತು. ಲೇಪ ಮೆತ್ತಗಿರಬೇಕು, ಇಲ್ಲದಿದ್ದರೆ ಕೊರೆಯಲು ಆಗುವುದಿಲ್ಲ. ಮೆತ್ತಗಿರಲಿ ಎಂದು ಅದಕ್ಕೆ ಸೇರಿಸುತ್ತಿದ್ದದ್ದು ಹರಳೆಣ್ಣೆ! ಔಡಲೆಣ್ಣೆ ಅನ್ನುವವರಿಗೂ ಇದು ಗೊತ್ತಿರಲಿ.

ಲ್ಯಾಕ್, ಲ್ಯಾಕರ್ ಎರಡೂ ಹುಟ್ಟಿದ್ದು ನಮ್ಮ "ಲಾಕ್ಷಾ" ಎಂಬ ಒಂದೇ ಪದದಿಂದ. ಆದರೆ ಲ್ಯಾಕರ್ ತಟ್ಟೆಯಲ್ಲಿ ಅರಗಿನ ಒಂದು ಹನಿಯೂ ಇಲ್ಲ. ಹಾಗಿರುವಾಗ ಅದಕ್ಕೂ "ಅರಗಿನ ತಟ್ಟೆ" ಅನ್ನುವುದು ತಪ್ಪು. ನಿಘಂಟಿನಲ್ಲಿ ಲ್ಯಾಕರ್, ವಾರ್ನಿಶ್ ಎರಡಕ್ಕೂ "ಮೆರುಗೆಣ್ಣೆ" ಕಾಣುತ್ತದೆ. "ಮೆರುಗೆಣ್ಣೆ ತಟ್ಟೆ" ಅನ್ನಬಹುದೇ? ಅದರಲ್ಲಿ ಎಣ್ಣೆ ಇದೆ ಎಂಬುದು ಹೆಸರಲ್ಲೇ ಬರುತ್ತದೆ, ಅದು ಒಳ್ಳೆಯದೇ. ಆದರೆ ಮೆರುಗು ಅಂದರೆ ಬರೀ ಮೇಲಿನ ಹೊಳಪು ಎಂಬ ಭಾವನೆ ಬರುತ್ತದೆ. ಇಲ್ಲಿ ಸಂಗೀತವೆಲ್ಲ ಇರುವುದೇ ಆ ಲೇಪದಲ್ಲಿ. ತಗಡಿನಲ್ಲಿ ಏನೂ ಇಲ್ಲ. ಅದಕ್ಕೇ ನನ್ನ ಮನಸ್ಸು "ಲೇಪದ ತಟ್ಟೆ" ಕಡೆಗೆ ವಾಲಿದೆ. ಲೇಪ ಹೋದರೆ ಹಾಡು ಹೋಯಿತು ಎಂಬುದು ಆ ಹೆಸರಿನಿಂದ ನೇರವಾಗಿ ತಿಳಿಯುತ್ತದೆ. ಅರಗಿನ ಪ್ಲೇಟು, ಲೇಪದ ತಟ್ಟೆ: ಈ ಜೋಡಿ ನಿಮಗೆ ಹೇಗನ್ನಿಸುತ್ತದೆ?

"ಅಸಿಟೇಟ್" ಇನ್ನೂ ದೊಡ್ಡ ಗೋಜಲು. ಜಾಝ್ ಸಂಗ್ರಾಹಕರು, ಸ್ಟುಡಿಯೊದವರು ಎಲ್ಲರೂ ಲೇಪದ ತಟ್ಟೆಗೆ ಅಸಿಟೇಟ್ ಅನ್ನುತ್ತಾರೆ. ರಸಾಯನಶಾಸ್ತ್ರದ ಪ್ರಕಾರ ಅದು ಸೆಲ್ಯುಲೋಸ್ ನೈಟ್ರೇಟ್. ಸೆಲ್ಯುಲೋಸ್ ಅಸಿಟೇಟ್ ಬೇರೆ, ಅದು ಹಳೆಯ ಫಿಲ್ಮ್ ಮತ್ತು ಟೇಪುಗಳಲ್ಲಿ ಇರುವುದು, ಹಾಳಾಗುವಾಗ ವಿನೆಗರ್‌ನ ಹುಳಿ ವಾಸನೆ ಬಿಡುವುದು. ಕನ್ನಡದಲ್ಲಿ ಬರೆಯುವವರು "ಅಸಿಟೇಟ್ ತಟ್ಟೆ" ಎಂದು ಹಾಗೇ ಇಳಿಸಿದರೆ, ಓದಿದವರು ವಿನೆಗರ್ ವಾಸನೆ ಬರುತ್ತಿದೆಯಾ ಎಂದು ಮೂಸಿ ನೋಡಿ, ಇಲ್ಲ, ಚೆನ್ನಾಗಿದೆ ಎಂದು ಪೆಟ್ಟಿಗೆ ಮುಚ್ಚಿಟ್ಟಾರು. ನೈಟ್ರೇಟ್ ಬೇಗ ಬೆಂಕಿ ಹಿಡಿಯುವ ವಸ್ತು ಎಂಬುದೂ ಈ ಹೆಸರಿನಲ್ಲಿ ಮರೆಯಾಗುತ್ತದೆ. ಇಂದಿಗೂ ವಿನೈಲ್ ಪ್ಲೇಟುಗಳ ಮೊದಲ ಕೊರೆತಕ್ಕೆ ಲೇಪದ ತಟ್ಟೆಯೇ ಬಳಕೆಯಲ್ಲಿದೆ. ಅವನ್ನು ಮಾಡುತ್ತಿದ್ದ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ 2020ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ನಾನು ಲೇಖನದಲ್ಲಿ ಅಸಿಟೇಟ್ ಪದವನ್ನು ಒಮ್ಮೆ ಹೇಳಿ, ಅದು ರೂಢಿಯ ಹೆಸರಷ್ಟೇ ಎಂದು ವಿವರಿಸಿ, ಮುಂದೆ ಬಿಟ್ಟುಬಿಡಬೇಕು ಅಂದುಕೊಂಡಿದ್ದೇನೆ.

ಇನ್ನು ತಟ್ಟೆ ಕೆಡುವ ಬಗೆಗೆ ಪದಗಳು. ಇಲ್ಲಿ ಕನ್ನಡ ಬಹಳ ಶ್ರೀಮಂತವಾಗಿದೆ, ಆರಿಸುವುದೇ ಕಷ್ಟ. ವರ್ಷಗಳು ಕಳೆದಂತೆ ಲೇಪದೊಳಗಿನ ಹರಳೆಣ್ಣೆ ಮೆಲ್ಲಗೆ ಹೊರಗೆ ಬರುತ್ತದೆ. ಅದರಿಂದ ಒಡೆದು ಬಂದ ಕೊಬ್ಬಿನ ಆಮ್ಲಗಳು ತಟ್ಟೆಯ ಮೇಲೆ ಬಿಳಿಯಾಗಿ ಕೂರುತ್ತವೆ. ನೋಡಿದ ಯಾರಾದರೂ "ಬೂಷ್ಟು ಹಿಡಿದಿದೆ" ಅನ್ನುತ್ತಾರೆ. ಬೂಷ್ಟೂ ಬರಬಹುದು. ಆದರೆ ಇದು ಬೂಷ್ಟಲ್ಲ. ಬೂಷ್ಟು ಹೊರಗಿನಿಂದ ಬಂದು ಕೂರುವುದು, ತೇವ ತಡೆದರೆ ನಿಲ್ಲುತ್ತದೆ. ಇದು ಒಳಗಿನಿಂದ ಬರುವುದು, ಲೇಪವೇ ಸಾಯುತ್ತಿದೆ ಎಂಬುದರ ಗುರುತು. ಇದಕ್ಕೆ "ಒಸರು" ಎಂಬ ಪದ ಇಟ್ಟಿದ್ದೇನೆ. ಬಂಡೆಯಿಂದ ನೀರು ಒಸರುತ್ತದೆ, ಮರದಿಂದ ಅಂಟು ಒಸರುತ್ತದೆ. "ತಟ್ಟೆಯ ಮೇಲೆ ಬಿಳಿ ಒಸರು ಬಂದಿದೆ" ಅಂದರೆ ಕಾರಣವೂ ಪದದೊಳಗೇ ಸಿಗುತ್ತದೆ. ಕೆಲವರು "ಬಿಳಿ ಜಿಡ್ಡು" ಅನ್ನಬಹುದು. ಮುಟ್ಟಿದರೆ ಜಿಡ್ಡಾಗಿಯೇ ಇರುತ್ತದೆ. ಅದೂ ಆದೀತು.

ಎಣ್ಣೆ ಹೋದ ಮೇಲೆ ಲೇಪ ಕುಗ್ಗುತ್ತದೆ. ಕೆಳಗಿನ ತಗಡು ಕುಗ್ಗುವುದಿಲ್ಲ. ಎರಡರ ಎಳೆದಾಟದಲ್ಲಿ ಲೇಪ ಬಿರಿಯುತ್ತದೆ, ಆಮೇಲೆ ತುಂಡುತುಂಡಾಗಿ ಮೇಲೇಳುತ್ತದೆ. ಇದಕ್ಕೆ "ಚಕ್ಕೆ ಏಳುವುದು" ಅನ್ನೋಣವೇ, "ಹಕ್ಕಳೆ ಏಳುವುದು" ಅನ್ನೋಣವೇ? ನಮ್ಮ ಕಡೆ ಗೋಡೆಯ ಗಾರೆ ಚಕ್ಕೆ ಏಳುತ್ತದೆ, ಗಾಯದ ಮೇಲಿನದು ಹಕ್ಕಳೆ. ಹಕ್ಕಳೆ ಎಂಬುದರಲ್ಲಿ ಅಂಚು ಸುರುಳಿಕೊಂಡು ಮೇಲೆದ್ದ ತೆಳು ಪದರದ ಚಿತ್ರ ಬರುತ್ತದೆ. ಲೇಪದ ತಟ್ಟೆಯಲ್ಲಿ ಆಗುವುದು ಹೆಚ್ಚುಕಡಿಮೆ ಹಾಗೇ. ಆದರೆ ಹಕ್ಕಳೆ ಅಂದ ಕೂಡಲೇ ಕೆಳಗೆ ಗಾಯ ಮಾಗುತ್ತಿದೆ ಎಂಬ ನೆನಪು ಬರುತ್ತದಲ್ಲ, ಅದು ಇಲ್ಲಿ ಸರಿಹೊಂದುವುದಿಲ್ಲ. ಚಕ್ಕೆಯ ಕಡೆಗೇ ನನ್ನ ಒಲವು. ಬೇರೆ ಸೀಮೆಯವರು ಏನಂತೀರಿ?

ಚಕ್ಕೆ ಎದ್ದ ತಟ್ಟೆಗೆ ನೀರು ತಾಕಿಸಿದರೆ ನೀರು ಬಿರುಕಿನೊಳಗೆ ಇಳಿದು ಉಳಿದದ್ದನ್ನೂ ಎಬ್ಬಿಸುತ್ತದೆ. ಚೆನ್ನಾಗಿರುವ ಅರಗಿನ ಪ್ಲೇಟನ್ನು ಮೃದು ಸೋಪಿನ ನೀರಲ್ಲಿ ಬೇಗ ತೊಳೆದು ಒಣಗಿಸಬಹುದು. ಚಕ್ಕೆ ಎದ್ದ ಲೇಪದ ತಟ್ಟೆಯನ್ನು ತೊಳೆಯುವ ಹಾಗಿಲ್ಲ. ಎಣ್ಣೆ ಹೋಗಿದ್ದಕ್ಕೆ ಎಣ್ಣೆ ಸವರಿದರೂ ಏನೂ ಉಪಯೋಗವಿಲ್ಲ. ತಾಳೆಗರಿಗೆ ಎಣ್ಣೆ ಸವರಿ ಮೆದುಗೊಳಿಸುವುದನ್ನು ಕಂಡವರಿಗೆ ಇಲ್ಲೂ ಹಾಗೆ ಮಾಡೋಣ ಅನ್ನಿಸಬಹುದು. ಬೇಡ. ಇರುವ ದಾರಿ ಒಂದೇ, ಲೇಪ ಪೂರ್ತಿ ಎದ್ದು ಹೋಗುವ ಮುಂಚೆ ಒಮ್ಮೆ ಚೆನ್ನಾಗಿ ನುಡಿಸಿ ಧ್ವನಿಯನ್ನು ಬೇರೆ ಕಡೆ ಇಳಿಸಿಕೊಳ್ಳುವುದು. ಅಲ್ಲಿಯವರೆಗೆ ತಂಪಾದ, ಒಣ ಜಾಗದಲ್ಲಿ, ಒಂದರ ಮೇಲೊಂದು ಪೇರಿಸದೆ ನೇರವಾಗಿ ನಿಲ್ಲಿಸಿ ಜೋಪಾನ ಮಾಡಬೇಕು. ಅಂದ ಹಾಗೆ ಸ್ಟೋರೇಜ್‌ಗೆ "ಜೋಪಾನ" ಎಷ್ಟು ಒಳ್ಳೆಯ ಪದ! "ದಾಸ್ತಾನು" ಅಂದರೆ ಉಗ್ರಾಣದ ಅಕ್ಕಿ ಮೂಟೆ ಕಣ್ಣಿಗೆ ಬರುತ್ತದೆ.

ಇನ್ನೊಂದು ಜೋಡಿ ಪದ ಕೇಳುವುದಿದೆ. ಅಂಗಡಿಯ ಪ್ಲೇಟನ್ನು ಅಚ್ಚಿನಲ್ಲಿ ಒತ್ತುತ್ತಾರೆ. ಸಾವಿರಾರು ಪ್ರತಿ ಬರುತ್ತವೆ, ಒಂದು ಒಡೆದರೆ ಇನ್ನೊಂದು ಎಲ್ಲಾದರೂ ಸಿಗುತ್ತದೆ. ಲೇಪದ ತಟ್ಟೆಯನ್ನು ಕೊರೆಯುತ್ತಾರೆ. ಸಂಗೀತಗಾರ ಎದುರಿಗೆ ನುಡಿಸುತ್ತಿರುವಾಗಲೇ ಮುಳ್ಳು ಕೊರೆಯುತ್ತಾ ಹೋಗುತ್ತದೆ. ಮುಗಿದ ಕೂಡಲೇ ಅದೇ ತಟ್ಟೆಯನ್ನು ಹಾಕಿ ಕೇಳಬಹುದು. ಇಂಗ್ಲಿಷಿನ "ಇನ್‌ಸ್ಟಂಟೇನಿಯಸ್ ಡಿಸ್ಕ್" ಎಂಬ ಹೆಸರಿನಲ್ಲಿ ಈ "ಕೂಡಲೇ" ಎಂಬುದಕ್ಕೆ ಒತ್ತು. ನನಗೆ ಮುಖ್ಯ ಅನ್ನಿಸುವುದು ಅದರ ಒಂಟಿತನ. ಅದಕ್ಕೆ ಇನ್ನೊಂದು ಪ್ರತಿ ಇಲ್ಲ. ಆದ್ದರಿಂದ "ಅಚ್ಚಿನ ಪ್ಲೇಟು" ಮತ್ತು "ಕೊರೆದ ತಟ್ಟೆ" ಎಂದು ಬೇರೆ ಮಾಡಿದ್ದೇನೆ. "ಧ್ವನಿಮುದ್ರಿಕೆ" ಎರಡಕ್ಕೂ ಸಲ್ಲುತ್ತದೆ. ಆದರೆ ಅದರೊಳಗಿನ "ಮುದ್ರೆ" ಒತ್ತಿದ ಪ್ಲೇಟಿನ ಕಡೆಗೇ ಎಳೆಯುತ್ತದೆ.

ಈ ಒಂಟಿತನ ಜಾಝ್ ಚರಿತ್ರೆಯಲ್ಲಿ ಎಷ್ಟು ದೊಡ್ಡದು ಎಂದು ಹೇಳಲೇಬೇಕು. 1941ರಲ್ಲಿ ಹಾರ್ಲೆಮ್‌ನ ಮಿಂಟನ್ಸ್ ಎಂಬ ಕ್ಲಬ್ಬಿಗೆ ಜೆರಿ ನ್ಯೂಮನ್ ಎಂಬ ಕಾಲೇಜು ಹುಡುಗ ಕೊರೆಯುವ ಯಂತ್ರ ಹೊತ್ತು ಹೋಗುತ್ತಿದ್ದ. ಗಿಟಾರಿಸ್ಟ್ ಚಾರ್ಲಿ ಕ್ರಿಶ್ಚಿಯನ್ ಅಲ್ಲಿ ರಾತ್ರಿ ಸರಿಹೊತ್ತಿನ ಮೇಲೆ ಮನಸ್ಸಿಗೆ ಬಂದಷ್ಟು ಹೊತ್ತು ನುಡಿಸುತ್ತಿದ್ದರು. ಮರುವರ್ಷ ಮಾರ್ಚ್‌ನಲ್ಲಿ ಅವರು ಕ್ಷಯದಿಂದ ತೀರಿಕೊಂಡರು, 25 ವಯಸ್ಸು. ಅದೇ 1942ರ ಆಗಸ್ಟ್ 1ರಿಂದ ಅಮೆರಿಕದ ಸಂಗೀತಗಾರರ ಒಕ್ಕೂಟ ರೆಕಾರ್ಡಿಂಗ್ ನಿಲ್ಲಿಸಿತು. ದೊಡ್ಡ ಕಂಪನಿಗಳಲ್ಲಿ ಕೊಲಂಬಿಯಾ, ವಿಕ್ಟರ್ ಒಪ್ಪಂದಕ್ಕೆ ಬಂದದ್ದು 1944ರ ನವೆಂಬರ್‌ನಲ್ಲಿ. ಜಾಝ್ ಹೊಸ ದಾರಿಗೆ ಹೊರಳಿದ್ದು, ಬೀಬಾಪ್ ಹುಟ್ಟಿದ್ದು ಸರಿಯಾಗಿ ಆ ವರ್ಷಗಳಲ್ಲೇ. 1943ರ ಫೆಬ್ರವರಿಯಲ್ಲಿ ಶಿಕಾಗೊದ ಒಂದು ಹೋಟೆಲ್ ಕೋಣೆಯಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಸೇರಿ ನುಡಿಸಿದ್ದನ್ನು ಗೆಳೆಯರೊಬ್ಬರು ಕೊರೆದಿಟ್ಟರು. ಅಂಗಡಿಯ ಪ್ಲೇಟುಗಳಲ್ಲಿ ಆ ಕಾಲ ಖಾಲಿ. ಅಲ್ಲಿ ಇಲ್ಲಿ ಉಳಿದ ಇಂಥ ಕೊರೆದ ತಟ್ಟೆಗಳೇ ಆ ಖಾಲಿಯನ್ನು ಅಷ್ಟಿಷ್ಟು ತುಂಬಿಸುವುದು.

ಕೊರೆಯುವುದರ ಮಾತು ಬಂತಲ್ಲ, "ಸ್ಟೈಲಸ್" ಬಗ್ಗೆ ಒಂದು ಸಲಹೆ. ಇಂಗ್ಲಿಷಿನಲ್ಲಿ ಕೊರೆಯುವುದಕ್ಕೂ ನುಡಿಸುವುದಕ್ಕೂ ಅದೇ ಪದ. ನಮಗೆ ಎರಡು ಇವೆ. ಗ್ರಾಮಫೋನಿನದು ಮುಳ್ಳು ಅಥವಾ ಪಿನ್ನು. ತಾಳೆಗರಿಯ ಮೇಲೆ ಬರೆಯುವ ಕಬ್ಬಿಣದ್ದು ಕಂಟ. ಕೊರೆಯುವ ಮೊನೆಗೆ "ಕಂಟ" ಎಂದು ಇಟ್ಟುಕೊಂಡರೆ ಎಷ್ಟು ಚೆನ್ನ! ನುಡಿಸುವುದಕ್ಕೆ "ಮುಳ್ಳು" ಇದ್ದೇ ಇದೆ. ಲೇಪ ಬರುವ ಮುಂಚೆ ಬರಿಯ ಅಲ್ಯೂಮಿನಿಯಂ ತಟ್ಟೆಗಳ ಮೇಲೂ ರೆಕಾರ್ಡ್ ಮಾಡುತ್ತಿದ್ದರು. ಉಕ್ಕಿನ ಪಿನ್ನು ಅವನ್ನು ಹಾಳು ಮಾಡುತ್ತಿತ್ತು, ಹಾಗಾಗಿ ನಾರಿನ ಮುಳ್ಳು, ನಿಜವಾದ ಕಳ್ಳಿ ಮುಳ್ಳು ಕೂಡ ಬಳಸುತ್ತಿದ್ದರು. ಇಂದು ಧ್ವನಿ ಇಳಿಸುವವರ ಹತ್ತಿರ ಬೇರೆ ಬೇರೆ ಗಾತ್ರದ ವಜ್ರದ ಮುಳ್ಳುಗಳ ಒಂದು ಸೆಟ್ಟೇ ಇರುತ್ತದೆ. ಸಂಗೀತ ಕೊರೆದಿರುವ ಗೀರಿನ (ಗ್ರೂವ್) ಮೇಲ್ಭಾಗ ಸವೆದಿದ್ದರೆ ಸಣ್ಣ ಮುಳ್ಳಿನಿಂದ ಕೆಳಗಿನ ಚೆನ್ನಾಗಿರುವ ಭಾಗ ಮುಟ್ಟುತ್ತಾರೆ, ತಳ ಕೆಟ್ಟಿದ್ದರೆ ದಪ್ಪ ಮುಳ್ಳು ಹಾಕಿ ಮೇಲೆ ಓಡಿಸುತ್ತಾರೆ. ಗ್ರೂವ್‌ಗೆ "ಗೀರು" ಅಂದಿದ್ದೇನೆ. ಆದರೆ ಆಮೇಲೆ ಬಿದ್ದ ಸ್ಕ್ರ್ಯಾಚ್‌ಗೂ ಗೀರು ಅನ್ನುತ್ತೇವಲ್ಲ! ಇಲ್ಲಿ ನನಗೆ ನಿಮ್ಮ ಸಹಾಯ ಬೇಕು. "ತೋಡು" ಸರಿಯೇ? ಸಂಗೀತ ಇರುವುದು ತೋಡು, ಅದನ್ನು ಕೆಡಿಸಿದ್ದು ಗೀರು ಎಂದರೆ ಗೊಂದಲ ಇರಲಾರದು.

ಕೀಲಿ ಕೊಡುವ ಗ್ರಾಮಫೋನು ಮನೆಯಲ್ಲಿದ್ದವರಿಗೆ ಒಂದು ಮಾತು. ಅದರ ಉಕ್ಕಿನ ಪಿನ್ನು ಮತ್ತು ಭಾರದ ತಲೆ ಲೇಪದ ತಟ್ಟೆಯನ್ನು ಒಂದೇ ಸಲಕ್ಕೆ ಕಿತ್ತುಹಾಕುತ್ತದೆ. ಗುರುತಿಸುವುದು ಕಷ್ಟವಿಲ್ಲ. ನಡುವಿನ ತೂತಿನ ಅಂಚನ್ನು ನೋಡಿ, ಕಪ್ಪಿನ ಒಳಗೆ ಲೋಹವೋ ಗಾಜೋ ಕಂಡರೆ ಅದು ಲೇಪದ್ದು. ನಡುವಿನ ತೂತಿನ ಪಕ್ಕ ಇನ್ನೂ ತೂತುಗಳಿದ್ದರೆ, ಚೀಟಿ ಕೈಬರಹದ್ದೋ ಟೈಪ್ ಮಾಡಿದ್ದೋ ಆಗಿದ್ದರೆ, ಹಾಕಬೇಡಿ. ತಿಳಿದವರಿಗೆ ತೋರಿಸಿ.

ಈಗ ನನಗೆ ಅತಿ ಮುಖ್ಯವಾದ ಪ್ರಶ್ನೆ. "ಟ್ರಾನ್ಸ್‌ಫರ್" ಮತ್ತು "ರೆಸ್ಟೊರೇಶನ್" ಎಂಬ ಎರಡು ಕೆಲಸಗಳಿವೆ: ತಟ್ಟೆಯ ಧ್ವನಿಯನ್ನು ಇಳಿಸಿಕೊಳ್ಳುವುದು ಮೊದಲನೆಯದು, ಅದನ್ನು ತಿದ್ದಿ ಚೊಕ್ಕ ಮಾಡುವುದು ಎರಡನೆಯದು. "ವರ್ಗಾವಣೆ" ಅಂದರೆ ಸರ್ಕಾರಿ ನೌಕರಿ ನೆನಪಾಗುತ್ತದೆ. "ಜೀರ್ಣೋದ್ಧಾರ" ಅಂದರೆ ದೇವಸ್ಥಾನ. ನಮ್ಮ ಹಸ್ತಪ್ರತಿ ವಿದ್ವಾಂಸರ ಹತ್ತಿರ ಇದಕ್ಕೆ ಪದಗಳು ಸಿದ್ಧವಾಗಿ ಕೂತಿವೆ ಎಂದು ನನ್ನ ನಂಬಿಕೆ. ಓಲೆಗರಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ, ತಪ್ಪಿದ್ದರೆ ತಪ್ಪಿನ ಸಮೇತ ಎತ್ತಿದ್ದು ಯಥಾಪ್ರತಿ. ತಿದ್ದಿ ಬರೆದದ್ದು ಶುದ್ಧಪ್ರತಿ. ಹುಳ ತಿಂದೋ ಮುರಿದೋ ಹೋದ ಭಾಗ ತ್ರುಟಿತ. ಯಾವುದನ್ನು ನೋಡಿ ಎತ್ತಿದರೋ ಅದು ಮಾತೃಕೆ. ಇವು ನಾಲ್ಕೂ ಇಲ್ಲಿಗೆ ಹೊಂದುತ್ತವೆ. ಮೂಲ ತಟ್ಟೆಯೇ ಮಾತೃಕೆ. ತಟ್ಟೆಯಿಂದ ಏನೂ ತೆಗೆಯದೆ, ಏನೂ ಸೇರಿಸದೆ ಇಳಿಸಿಕೊಂಡ ಧ್ವನಿ ಯಥಾಪ್ರತಿ. ಧ್ವನಿ ಸಂಗ್ರಹಾಲಯಗಳು ಇದನ್ನು ಈಗ ಸಾಮಾನ್ಯವಾಗಿ 96 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ, ಅಂದರೆ ಸಿಡಿಗಿಂತ ಸೂಕ್ಷ್ಮವಾದ ಡಿಜಿಟಲ್ ರೂಪದಲ್ಲಿ ಇಡುತ್ತವೆ. ಸದ್ದು ತೆಗೆದು ಕೇಳುಗರಿಗೆ ಕೊಡುವುದು ಶುದ್ಧಪ್ರತಿ. ಚಕ್ಕೆ ಎದ್ದು ಹೋದಲ್ಲಿ "ಇಲ್ಲಿ ತ್ರುಟಿತ" ಎಂದೇ ಬರೆಯಬಹುದು.

ಈ ಎರಡನ್ನು ಬೇರೆ ಇಡದಿದ್ದರೆ ಏನಾಗುತ್ತದೆ? ಬೆನ್ನಿ ಗುಡ್‌ಮನ್ ಅವರ ಕಾರ್ನೆಗಿ ಹಾಲ್ ಕಛೇರಿಯನ್ನೇ ನೋಡಿ. 1938ರ ಜನವರಿ 16ರಂದು ನಡೆದದ್ದು. ಅದನ್ನೂ ಕೊರೆದ ತಟ್ಟೆಗಳ ಮೇಲೆ ಹಿಡಿದಿದ್ದರು. 1950ರಲ್ಲಿ ಕೊಲಂಬಿಯಾ ಅದನ್ನು ಎಲ್‌ಪಿಯಾಗಿ ತಂದಿತು, ಆ ತಟ್ಟೆಗಳಿಂದ ಧ್ವನಿ ಇಳಿಸುವ ಕೆಲಸದಲ್ಲಿ ಇದೇ ಸೇವರಿ ಇದ್ದರು. 1999ರಲ್ಲಿ ಫಿಲ್ ಶಾಪ್ ಅವರ ಉಸ್ತುವಾರಿಯಲ್ಲಿ ಮತ್ತೆ ಸಿಡಿಯಾಗಿ ಬಂದಾಗ ತಟ್ಟೆಯ ಸದ್ದನ್ನು ಬಹುಮಟ್ಟಿಗೆ ಹಾಗೇ ಬಿಟ್ಟರು. ಕೆಲವರು ಮೆಚ್ಚಿದರು, ಎಷ್ಟೋ ಜನ ಕೇಳಲಾಗದು ಎಂದು ಬೈದರು. ನನ್ನ ಮಟ್ಟಿಗೆ ಇಬ್ಬರೂ ಸರಿ. ಒಬ್ಬರಿಗೆ ಯಥಾಪ್ರತಿ ಬೇಕಿತ್ತು, ಇನ್ನೊಬ್ಬರಿಗೆ ಶುದ್ಧಪ್ರತಿ. ಸಿಡಿಯ ಮೇಲೆ ಯಾವುದು ಎಂದು ಬರೆಯಲು ಒಂದು ಪದವಿದ್ದಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತಿತ್ತು. ಸದ್ದು ತೆಗೆಯುವಾಗ ಸಿಂಬಲ್‌ನ ಝಲ್ ಎಂಬ ಬಾಲವೂ, ಸ್ಯಾಕ್ಸೊಫೋನಿನ ಉಸಿರೂ ಜೊತೆಗೇ ಹೋಗಿಬಿಡುತ್ತವೆ. ಯಥಾಪ್ರತಿ ಜೋಪಾನವಾಗಿದ್ದರೆ ನಾಳೆ ಬೇರೊಬ್ಬರು ಇನ್ನೂ ಚೆನ್ನಾಗಿ ತಿದ್ದಬಹುದು.

ಸದ್ದುಗಳ ಹೆಸರಿಗೆ ನಮ್ಮ ಅನುಕರಣ ಪದಗಳೇ ಸಾಕು. ಮೇಲ್ಮೈಯ ಸದ್ದು ಕರಕರ. ಗೀರು ದಾಟುವಾಗ ಟಕ್ ಟಕ್. ಬಿರುಕುಗಳ ಮೇಲೆ ಚಟಪಟ. ಯಂತ್ರ ತಿರುಗುವ ಕೆಳಗಿನ ಸದ್ದು ಗುಂಯ್. ಹಿಸ್‌ಗೆ ಮಾತ್ರ "ಸುಯ್" ಮತ್ತು "ಬುಸ್" ನಡುವೆ ತೀರ್ಮಾನವಾಗಿಲ್ಲ. ಹಾವಿಲ್ಲದ ಕಡೆ ಬುಸ್ ಬೇಡ ಅನ್ನಿಸುತ್ತದೆ.

ಕೊನೆಯ ಪದ. ಗಾಜಿನ ತಟ್ಟೆ ಹೋಳಾಗಿದ್ದರೆ, ಲೇಪ ಪೂರ್ತಿ ಬಿರಿದಿದ್ದರೆ ಮುಳ್ಳು ಇಡುವ ಹಾಗೇ ಇಲ್ಲ. ಅಂಥವಕ್ಕೆ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಭೌತವಿಜ್ಞಾನಿ ಕಾರ್ಲ್ ಹೇಬರ್ ಮತ್ತು ಸಂಗಡಿಗರು ಐರೀನ್ ಎಂಬ ಯಂತ್ರ ಮಾಡಿದರು. ಅದು ತೋಡಿನ ಚಿತ್ರ ತೆಗೆದು, ಆ ಚಿತ್ರದಿಂದ ಕಂಪ್ಯೂಟರ್‌ನಲ್ಲಿ ಧ್ವನಿ ಕಟ್ಟುತ್ತದೆ. ತಟ್ಟೆಯನ್ನು ಮುಟ್ಟುವುದೇ ಇಲ್ಲ. ಇದಕ್ಕೆ "ನುಡಿಸುವುದು" ಹೊಂದುವುದಿಲ್ಲ, "ಹಾಕುವುದು" ಅಂತೂ ಅಲ್ಲವೇ ಅಲ್ಲ. ಓಲೆಗರಿಯ ಹಾಗೆ "ಓದುವುದು" ಅಂದರೆ ನಿಮಗೆ ಒಪ್ಪಿಗೆಯೇ?

ಉತ್ತರ ಬರೆಯುವವರು ನಿಮ್ಮ ಊರಿನ ಕಡೆಯ ಮಾತನ್ನೇ ಬರೆಯಿರಿ. ಪ್ಲೇಟು, ರಿಕಾರ್ಡು, ತಟ್ಟೆ, ಗಾನತಟ್ಟೆ ಇವುಗಳಲ್ಲಿ ನಿಮ್ಮ ಮನೆಯ ಹಿರಿಯರು ಯಾವುದನ್ನು ಹೇಳುತ್ತಿದ್ದರು? ಮರಾಠಿಯಲ್ಲಿ "ತಬಕಡಿ" ಅನ್ನುತ್ತಾರೆ, ಬೆಳಗಾವಿ, ಧಾರವಾಡದ ಕಡೆ ಕನ್ನಡದಲ್ಲೂ ಅದು ಓಡಾಡುತ್ತಿತ್ತೇ? ಚನ್ನಪಟ್ಟಣದವರು ಯಾರಾದರೂ ಇದ್ದರೆ ಅವರಿಗೆ ವಿಶೇಷವಾಗಿ ಕೇಳುತ್ತೇನೆ: ಹಳೆಯ ಗೊಂಬೆಯ ಮೇಲಿನ ಅರಗು ಬಿರಿದು ಎದ್ದು ಬಂದಾಗ ಗೊಂಬೆ ಮಾಡುವವರು ಅದಕ್ಕೆ ಏನನ್ನುತ್ತಾರೆ?